ಪಿಳ್ಳಪ್ಪನ ಗೆರೆ

ನನ್ನ ತಂಗಿಯ ಮೊಮ್ಮಗಳು ಆಸ್ಪತ್ರೆ ಟೆಕ್ನೀಶಿಯನ್ ಕೋರ್ಸಿಗೆ ಸೇರಿದ್ದಾಳೆ. ಹೋದ ಹಬ್ಬಕ್ಕೆ ಬಂದವಳು, "ತಾತ, ಅಷ್ಟು ವರ್ಷ ಜನಗಳ ಕಾಲು ನೋಡಿದೀಯ, ಏನಾದ್ರೂ ಬರಕೊಡು, ನಾವೆಲ್ಲ ಓದ್ಕೋತೀವಿ" ಎಂದಳು. ಅವಳು ಕೇಳಿದ್ದು ಬುದ್ಧಿಮಾತು. ನನ್ನ ಹತ್ತಿರ ಇರುವುದು ಒಂದು ಹೊಟ್ಟೆಕಿಚ್ಚಿನ ಕಥೆ. ಇದ್ದದ್ದನ್ನೇ ಬರೆಯುತ್ತೇನೆ, ಬುದ್ಧಿ ಬೇಕಾದವರು ಅದರಲ್ಲೇ ಆರಿಸಿಕೊಳ್ಳಲಿ.

ನಾನು ಬಂಗಾರಪೇಟೆ ಪಕ್ಕದ ಹಳ್ಳಿಯವನು. ಎಪ್ಪತ್ತರ ದಶಕದ ಶುರುವಿನಲ್ಲಿ ಚಿನ್ನದ ಗಣಿಯ ಊರಾದ ಉರಿಗಾಂನ ಒಂದು ಟ್ರಸ್ಟ್ ಆಸ್ಪತ್ರೆಗೆ ಡ್ರೆಸ್ಸರ್ ಆಗಿ ಸೇರಿದೆ. ಡ್ರೆಸ್ಸರ್ ಎಂದರೆ ಗಾಯ ತೊಳೆದು ಕಟ್ಟು ಕಟ್ಟುವವನು. ಬೆಳಿಗ್ಗೆ ಗಣಿ ಕಡೆಗೆ ಹೋಗುವ ರೈಲು ಹತ್ತುತ್ತಿದ್ದೆ, ಸಂಜೆ ಅದೇ ರೈಲಿನಲ್ಲಿ ವಾಪಸ್ಸು. ರೈಲಿನ ತುಂಬ ಹಾಲಿನ ಕ್ಯಾನು, ಸೊಪ್ಪಿನ ಕಂತೆ, ಬೀಡಿ ಹೊಗೆ. ಆ ಬೀಡಿ ಸೇದುವವರಲ್ಲಿ ಎಷ್ಟೋ ಜನ ಕೊನೆಗೆ ನಮ್ಮ ವಾರ್ಡಿಗೇ ಬಂದು ಮಲಗುತ್ತಿದ್ದರು.

ಕಾಲಿಗೆ ರಕ್ತ ಒಯ್ಯುವ ನಾಳ ಒಳಗೊಳಗೇ ಕಟ್ಟಿಕೊಳ್ಳುವ ಕಾಯಿಲೆ ಅದು. ಮೊದಮೊದಲು ನಾಲ್ಕು ಹೆಜ್ಜೆ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ. ಆಮೇಲೆ ಮಲಗಿದ್ದರೂ ನೋವು. ಆಮೇಲೆ ಬೆರಳು ಕಪ್ಪಾಗುತ್ತದೆ. ನಮ್ಮ ಕಾಲದಲ್ಲಿ ಅಷ್ಟು ಹೊತ್ತಿಗೆ ಉಳಿದಿರುತ್ತಿದ್ದುದು ಒಂದೇ ಪ್ರಶ್ನೆ: ಎಲ್ಲಿ ಕತ್ತರಿಸುವುದು? ತೀರ ಕೆಳಗೆ ಕತ್ತರಿಸಿದರೆ ಹೊಲಿಗೆ ಕೂಡುವುದಿಲ್ಲ, ಕೊಳೆಯುತ್ತದೆ, ಎರಡನೆಯ ಸಲ, ಮೂರನೆಯ ಸಲ ಕತ್ತರಿಸಬೇಕು. ತೀರ ಮೇಲೆ ಕತ್ತರಿಸಿದರೆ ಬದುಕಿರುವ ಕಾಲನ್ನೂ ಕೊಯ್ದು ಹಾಕಿದಂತೆ. ಅದರಲ್ಲೂ ಮೊಣಕಾಲು. ಮೊಣಕಾಲು ಉಳಿದವನು ಕೃತಕ ಕಾಲು ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾನೆ, ಹಸುವಿನ ಪಕ್ಕ ಕೂರುತ್ತಾನೆ. ಮೊಣಕಾಲು ಹೋದ ನಮ್ಮೂರ ಕಡೆಯ ಬಡವ ಕೂತಲ್ಲೇ ಕೂರುತ್ತಾನೆ.

ಆ ಪ್ರಶ್ನೆಗೆ ನಮ್ಮ ಆಸ್ಪತ್ರೆಯಲ್ಲಿ ಉತ್ತರ ಹೇಳುತ್ತಿದ್ದುದು ನನ್ನ ಬಲಗೈ.

ಜಂಬ ಎಂದುಕೊಳ್ಳಬೇಡಿ. ನನಗಿಂತ ಹಿಂದಿನ ಡ್ರೆಸ್ಸರ್ ಒಬ್ಬರು ಅದನ್ನು ಕಲಿಸಿದ್ದರು. ಬೆರಳುಗಳ ಹಿಂಬದಿಯನ್ನು ತೊಡೆಯ ಮೇಲಿಟ್ಟು ನಿಧಾನವಾಗಿ ಪಾದದ ಕಡೆಗೆ ಇಳಿಸಬೇಕು. ಕಣ್ಣು ಮುಚ್ಚಿರಬೇಕು, ಮಾತಾಡಬಾರದು. ಒಂದು ಕಡೆ ಬಿಸಿ ನಿಂತುಹೋಗುತ್ತದೆ. ಅಲ್ಲಿ ನಿಲ್ಲಿಸಿ, ಹತ್ತಿ ಸುತ್ತಿದ ಕಡ್ಡಿಯನ್ನು ಗಾಯಕ್ಕೆ ಹಚ್ಚುವ ನೇರಳೆ ಔಷಧಿಯಲ್ಲಿ ಅದ್ದಿ ಒಂದು ಗೆರೆ ಎಳೆಯುತ್ತಿದ್ದೆ. ಆಗಿನ ಸರ್ಜನ್ನು ಮಹಾ ಕೋಪಿಷ್ಠರು, ಯಾರನ್ನೂ ಹೊಗಳಿದವರಲ್ಲ. ಅವರೂ ಆಪರೇಷನ್ ಕೋಣೆಯಲ್ಲಿ ಹಸಿರು ಬಟ್ಟೆ ಸರಿಸಿ, "ಎಲ್ಲಯ್ಯಾ ಪಿಳ್ಳಪ್ಪನ ಗೆರೆ?" ಎಂದು ಕೇಳುತ್ತಿದ್ದರು. ಗೆರೆ ಕಾಣದಿದ್ದರೆ ಕತ್ತಿ ಮುಟ್ಟುತ್ತಿರಲಿಲ್ಲ. ಎಸ್ಸೆಸ್ಸೆಲ್ಸಿ ಫೇಲಾದವನಿಗೆ ಅದಕ್ಕಿಂತ ಇನ್ನೇನು ಬೇಕು!

ಈ ಗೆರೆಗೆ ಹೆಸರು ತಂದುಕೊಟ್ಟವನು ಗೋವಿಂದಪ್ಪ. ಕೂಲಿಯವನು, ಇನ್ನೂ ನಲವತ್ತು ದಾಟಿರಲಿಲ್ಲ. ಸಂಕ್ರಾಂತಿಗೆ ಮುಂಚೆ ಬಂದ. ಹೆಬ್ಬೆರಳು ಕಪ್ಪಗೆ, ಪಾದವೆಲ್ಲ ಊತ, ಮೈಯೆಲ್ಲ ಜ್ವರ. ಸರ್ಜನ್ನರು ಮೊಣಕಾಲಿನ ಕೆಳಗೆ ಎಂದರು. ನಾನು ಕೈಯಾಡಿಸಿ ಮೊಣಕಾಲಿನ ಮೇಲೆ ನಾಲ್ಕು ಬೆರಳು ಬಿಟ್ಟು ಗೆರೆ ಎಳೆದೆ. "ಖಂಡಿತವೇನಯ್ಯಾ?" ಎಂದರು. "ಖಂಡಿತ ಸಾರ್, ಅಲ್ಲಿಂದ ಕೆಳಕ್ಕೆ ಬರೀ ತಣ್ಣಗೆ" ಎಂದೆ. ಗೆರೆಯ ಮೇಲೇ ಕತ್ತರಿಸಿದರು. ಹೊಲಿಗೆ ಒಂದೇ ಸಲಕ್ಕೆ ಕೂಡಿತು, ಒಂದು ಹನಿ ಕೀವಿಲ್ಲ. ಗೋವಿಂದಪ್ಪ ಊರುಗೋಲಿನಲ್ಲಿ ಹೊರಟ ದಿನ ನನ್ನ ಬಲಗೈ ಹಿಡಿದು ಕಣ್ಣಿಗೊತ್ತಿಕೊಂಡ. "ಈ ಕೈ ನನ್ ಜೀವ ಉಳಿಸ್ತು ಕಣಣ್ಣ" ಎಂದ. ಅವತ್ತು ರೈಲಿನಲ್ಲಿ ಆ ಕೈಯನ್ನು ಕಿಟಕಿಯ ಮೇಲಿಟ್ಟು ನೋಡುತ್ತಲೇ ಊರು ಸೇರಿದೆ.

ಹೀಗೆ ಸುಮಾರು ಹದಿನೈದು ವರ್ಷ ನಡೆಯಿತು.

ಎಂಬತ್ತರ ದಶಕದ ಕೊನೆಗೆ ಕೋಪಿಷ್ಠ ಸರ್ಜನ್ನರು ಹೋಗಿ ಹೊಸಬರು ಬಂದರು. ಮೆತ್ತಗಿನ ಮಾತು, ಎಲ್ಲರಿಗೂ ಬಹುವಚನ. ಅವರ ಪರಿಚಯದ ಬೆಂಗಳೂರಿನ ಯಾವುದೋ ಆಸ್ಪತ್ರೆಯವರು ಹಸುಗೂಸುಗಳಿಗೆ ಇಡುತ್ತಿದ್ದ ಒಂದು ಹಳೆಯ ಯಂತ್ರವನ್ನು ನಮಗೆ ದಾನ ಕೊಡುತ್ತಾರಂತೆ. ಚರ್ಮದ ಮೇಲೆ ಒಂದು ಬಿಲ್ಲೆ ಅಂಟಿಸಿದರೆ ಚರ್ಮದಲ್ಲಿ ಎಷ್ಟು ಆಮ್ಲಜನಕ ಇದೆ ಎಂದು ಅಂಕಿಯಲ್ಲಿ ತೋರಿಸುತ್ತದಂತೆ. ಕೂಸಿನ ಎದೆಗೆ ಆಗುವುದಾದರೆ ಮುದುಕರ ಕಾಲಿಗೇಕೆ ಆಗಬಾರದು ಎನ್ನುವುದು ಡಾಕ್ಟರ ಆಲೋಚನೆ. ಹೊರದೇಶಗಳಲ್ಲಿ ಆಗಲೇ ಹಾಗೆ ಮಾಡುತ್ತಿದ್ದರಂತೆ. ಒಬ್ಬರು ಬೆಂಗಳೂರಿಗೆ ಹೋಗಿ ಎರಡು ವಾರ ಕಲಿತು ಬರಬೇಕು ಎಂದರು.

ಆ ಒಬ್ಬ ನಾನೇ ಎನ್ನುವುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಕಾಲಿನ ವಿಷಯ ನನ್ನನ್ನು ಬಿಟ್ಟು ಯಾರಿಗೆ ಗೊತ್ತು? ಹೊಸ ಅಂಗಿ ಹೊಲಿಸಿದೆ. ಹೆಂಡತಿ ಎರಡು ವಾರಕ್ಕೆ ಆಗುವಷ್ಟು ಚಟ್ನಿಪುಡಿ ಮಾಡಿಟ್ಟಳು.

ಕಳಿಸಿದ್ದು ಅಮುದಾಳನ್ನು.

ಅಮುದಾ ಉರಿಗಾಂನ ಗಣಿ ಕೂಲಿಗಳ ಲೈನ್ ಮನೆಗಳಲ್ಲಿ ಹುಟ್ಟಿ ಬೆಳೆದವಳು, ಮನೆಮಾತು ತಮಿಳು. ಅಪ್ಪ ಗಣಿಯೊಳಗೆ ಇಳಿಯುತ್ತಿದ್ದ. ಅವಳು ನಮ್ಮ ಲ್ಯಾಬಿಗೆ ಸೇರಿ ಎರಡು ವರ್ಷವೂ ಆಗಿರಲಿಲ್ಲ. ಇಂಗ್ಲಿಷ್ ಪುಸ್ತಕ ಓದಬಲ್ಲಳು ಎನ್ನುವುದೊಂದೇ ಅವಳ ಯೋಗ್ಯತೆ ಎಂದು ನಾನು ವಾರ್ಡಿನಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಅವಳು ಹೊರಟ ಬೆಳಿಗ್ಗೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಎದುರಾದಳು. ನಾನು ಗಣಿ ಕಡೆಯ ರೈಲಿಗೆ, ಅವಳು ಬೆಂಗಳೂರಿನ ರೈಲಿಗೆ. "ಅಣ್ಣಾ, ಆಶೀರ್ವಾದ ಮಾಡುಂಗೋ, ಭಯವಾಗ್ತಾ ಇದೆ" ಎಂದಳು. "ಒಳ್ಳೇದಾಗ್ಲಿ" ಎಂದೆ. ಹಾಗೆ ಹೇಳುವಾಗ ಹಲ್ಲು ಕಚ್ಚಿಕೊಂಡಿದ್ದೆ. ಆ ಚಟ್ನಿಪುಡಿಯನ್ನು ಮನೆಯಲ್ಲಿ ತಿಂಗಳುಗಟ್ಟಲೆ ತಿಂದೆವು, ನನಗೆ ಒಂದು ದಿನವೂ ರುಚಿಸಲಿಲ್ಲ.

ಯಂತ್ರ ಬಂತು. ಅದಕ್ಕೊಂದು ಕೋಣೆ, ಕೋಣೆಗೊಂದು ಬಾಗಿಲು, ಬಾಗಿಲಿಗೊಂದು ಪರದೆ. ನಾನು ಅಷ್ಟು ವರ್ಷ ಗೆರೆ ಎಳೆದದ್ದು ವಾರ್ಡಿನ ನಡುವೆ ನಿಂತು. ಇನ್ನು ಮೇಲೆ ನನ್ನ ಕೆಲಸ ರೋಗಿಯ ಕಾಲಿನ ಕೂದಲು ಬೋಳಿಸಿ, ಚರ್ಮವನ್ನು ಸ್ಪಿರಿಟ್ಟಿನಿಂದ ಒರೆಸಿ ಅವಳ ಕೋಣೆಗೆ ಒಪ್ಪಿಸುವುದು. ಬೋಳಿಸುವ ಕೆಲಸ! ವಾರ್ಡ್ ಬಾಯ್‌ಗಳು ನಕ್ಕರೋ ಇಲ್ಲವೋ, ನಕ್ಕಂತೆ ನನಗೆ ಕೇಳಿಸುತ್ತಿತ್ತು.

ಯಂತ್ರದ ಕೆಲಸ ಹೀಗಿತ್ತು. ರೋಗಿಯನ್ನು ಅಂಗಾತ ಮಲಗಿಸಬೇಕು. ಒಂದು ರಿಂಗನ್ನು ಚರ್ಮಕ್ಕೆ ಅಂಟಿಸಿ, ಅದರೊಳಗೆ ಒಂದು ಹನಿ ದ್ರವ ಹಾಕಿ, ಮೇಲೆ ಬಿಲ್ಲೆ ಕೂರಿಸಬೇಕು. ಬಿಲ್ಲೆ ತಾನೇ ಬಿಸಿಯಾಗಿ ಕೆಳಗಿನ ಚರ್ಮವನ್ನು ಬಿಸಿ ಮಾಡುತ್ತದೆ. ಕಾಲು ಗಂಟೆ, ಇಪ್ಪತ್ತು ನಿಮಿಷ ಕಾಯಬೇಕು. ಅಂಕಿ ಏರಿಳಿದು ಒಂದು ಕಡೆ ನಿಲ್ಲುತ್ತದೆ. ಮೊದಲು ಎದೆ, ಆಮೇಲೆ ಪಾದ, ಆಮೇಲೆ ಮೊಣಕಾಲಿನ ಕೆಳಗೆ. ನಲವತ್ತು ಬಂದರೆ ಅಲ್ಲಿ ಹೊಲಿಗೆ ಕೂಡುತ್ತದೆ, ಇಪ್ಪತ್ತಕ್ಕಿಂತ ಕೆಳಗಿದ್ದರೆ ನಂಬಿಕೆಯಿಲ್ಲ, ನಡುವಿನದು ದೇವರಿಗೆ ಬಿಟ್ಟದ್ದು ಎಂದು ಡಾಕ್ಟರು ನಮಗೆಲ್ಲ ಹೇಳಿಕೊಟ್ಟರು. ಬರೀ ಗಾಳಿಯಲ್ಲಿ ಹಿಡಿದರೆ ಅದು ನೂರನಲವತ್ತು ತೋರಿಸುತ್ತಿತ್ತು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನನ್ನ ಹೊಟ್ಟೆ ಉರಿಸಲು ಯಂತ್ರವೊಂದೇ ಸಾಕಿತ್ತು. ಅದರ ಮೇಲೆ ಅವಳ ಒಳ್ಳೆಯತನ ಬೇರೆ. "ಅಣ್ಣಾ, ನೀವು ಮೊದ್ಲು ಗೆರೆ ಎಳೀರಿ, ಆಮೇಲೆ ನಾನು ಅಳೀತೀನಿ. ನನಗೂ ಧೈರ್ಯ ಇರ್ತದೆ" ಎನ್ನುವಳು. ಎಳೆಯುತ್ತಿದ್ದೆ. ಎಷ್ಟೋ ಸಲ ಎರಡೂ ಒಂದೇ ಜಾಗಕ್ಕೆ ಬರುತ್ತಿದ್ದವು. ಆಗ ಅವಳು ಪರದೆ ಸರಿಸಿ ಡಾಕ್ಟರನ್ನು ಕರೆದು, "ನೋಡಿ ಸಾರ್, ಅಣ್ಣನ ಗೆರೆ ಕರೆಕ್ಟು" ಎನ್ನುವಳು. ನನ್ನ ಗೆರೆ ಸರಿಯೋ ತಪ್ಪೋ ಎಂದು ನಿನ್ನೆ ಮೊನ್ನೆ ಬಂದ ಹುಡುಗಿ ಹೇಳಬೇಕೇ? ಅದಕ್ಕಿಂತ ಅವಳು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ನಾನೊಂದು ಪುಟ್ಟ ನೋಟ್‌ಬುಕ್ ಇಟ್ಟುಕೊಂಡೆ. ಅದರಲ್ಲಿ ಅವಳ ತಪ್ಪುಗಳನ್ನು ಬರೆಯುತ್ತಿದ್ದೆ. ಮೂಳೆಯ ಮೇಲೆ ಬಿಲ್ಲೆ ಇಟ್ಟಳು, ಅಂಕಿ ತಪ್ಪು ಬಂತು. ರೋಗಿ ನಡೆದುಕೊಂಡು ಬಂದ, ಸುಧಾರಿಸಿಕೊಳ್ಳಲು ಬಿಡದೆ ಅಳೆದಳು. ಬಿಲ್ಲೆಯನ್ನು ಮರೆತು ಬಹಳ ಹೊತ್ತು ಬಿಟ್ಟಳು, ಚರ್ಮದಲ್ಲಿ ಬೊಬ್ಬೆ ಎದ್ದಿತು. ಕೂದಲಿನ ಕಾಲಿಗೆ ರಿಂಗ್ ಸರಿಯಾಗಿ ಅಂಟಲಿಲ್ಲ, ಸಂದಿಯಲ್ಲಿ ಗಾಳಿ ನುಗ್ಗಿ ಸತ್ತ ಬೆರಳೂ ಎಪ್ಪತ್ತು ತೋರಿಸಿತು, ಫ್ಯಾನ್ ಹಾಕಿದಾಗಲೆಲ್ಲ ಅಂಕಿ ಕುಣಿಯಿತು. ಆ ಕಾಲನ್ನು ಬೋಳಿಸಿದವನು ನಾನೇ. ಸರಿಯಾಗಿ ಬೋಳಿಸಿರಲಿಲ್ಲ ಎನ್ನುವುದನ್ನು ಮಾತ್ರ ನೋಟ್‌ಬುಕ್ಕಿನಲ್ಲಿ ಬರೆಯಲಿಲ್ಲ.

ಹೊಟ್ಟೆಕಿಚ್ಚಿಗೆ ಕಣ್ಣು ಬಹಳ ಚುರುಕು. ಒಂದು ವರ್ಷದಲ್ಲಿ ಆ ಯಂತ್ರ ಎಲ್ಲೆಲ್ಲಿ ಸುಳ್ಳು ಹೇಳುತ್ತದೆ ಎನ್ನುವುದು ಅವಳಿಗಿಂತ ನನಗೇ ಹೆಚ್ಚು ಗೊತ್ತಿತ್ತು. ಬೊಬ್ಬೆಯ ವಿಷಯವನ್ನು ಡಾಕ್ಟರ ಕಿವಿಗೂ ಹಾಕಿದೆ. ಅವರು ಮೆತ್ತಗೆ, "ಅಮುದಾ ಅವತ್ತೇ ಬಂದು ಹೇಳಿದರು ಪಿಳ್ಳಪ್ಪನವರೇ. ನೀವು ಮೂರು ದಿನ ತಡ" ಎಂದರು. ಕೋಪಿಷ್ಠರ ಬೈಗುಳ ಎಷ್ಟೋ ವಾಸಿ ಅನ್ನಿಸಿತು.

ಇನ್ನು ವೆಂಕಟೇಶಪ್ಪನ ಕಾಲು.

ವೆಂಕಟೇಶಪ್ಪ ನಮ್ಮ ಕಡೆಯವನೇ. ನಾಲ್ಕು ಹಸು ಕಟ್ಟಿಕೊಂಡು ಸೈಕಲ್ಲಿನಲ್ಲಿ ಹಾಲಿನ ಕ್ಯಾನು ತೂಗುಹಾಕಿ ಬಂಗಾರಪೇಟೆಗೆ ಹೋಗುತ್ತಿದ್ದ ಮನುಷ್ಯ. ಮಾರ್ಗಶಿರದ ಚಳಿಯಲ್ಲಿ ಬಲಗಾಲಿನ ಮೂರು ಬೆರಳು ಕಪ್ಪಾಗಿ ಬಂದ. ಜೊತೆಗೆ ಹೆಂಡತಿ ಮುನಿಯಮ್ಮ. ಕೈಯಾಡಿಸಿದೆ. ಮೊಣಕಾಲಿಗಿಂತ ಮೇಲೇ ಬಿಸಿ ನಿಂತುಹೋಗಿತ್ತು. ನಾಲ್ಕು ಬೆರಳು ಮೇಲೆ ಗೆರೆ ಎಳೆದೆ. ಮುನಿಯಮ್ಮ ಗೆರೆ ನೋಡಿ, "ಅಲ್ಲೀಗಂಟ ಓಗ್ತದಾ ಅಣ್ಣ? ಮಂಡಿ ಓದ್ರೆ ಅಸಾ ಕರೆಯೋಕೆ ಎಂಗೆ ಕುಂತ್ಕೋತಾನೆ?" ಎಂದಳು. ನಾನು ಔಷಧಿಯ ಬಾಟಲಿ ಮುಚ್ಚಿಟ್ಟೆ.

ಮಾರನೆಯ ದಿನ ಬೆಳಿಗ್ಗೆ ಯಂತ್ರದ ಪರೀಕ್ಷೆ. ನಾನು ಹೋಗುವಷ್ಟರಲ್ಲಿ ಆ ಕಾಲು ಮಿರಮಿರ ಮಿಂಚುತ್ತಿತ್ತು.

"ಏನಮ್ಮ ಇದು?"

"ಅರಳೆಣ್ಣೆ ಅಚ್ಚಿದೀನಿ ಅಣ್ಣ. ಮಿಷನ್ನಿಗೆ ತೋರಿಸ್ತಾರಂತೆ. ಬಿಳಿಚ್ಕೊಂಡಿರೋ ಒಣಕಾಲ ಎಂಗೆ ತೋರ್ಸೋದು? ಬೆಳಿಗ್ಗೆ ಎದ್ದು ಚೆನ್ನಾಗಿ ತಿಕ್ಕಿ ತಿಕ್ಕಿ ಅಚ್ಚಿದೀನಿ."

ನಮ್ಮ ಹೆಂಗಸರು ಹಾಗೇ. ಕೂಸನ್ನು ತೋರಿಸಬೇಕಾದರೂ, ಕರುವನ್ನು ತೋರಿಸಬೇಕಾದರೂ, ಎಣ್ಣೆ ಮುಟ್ಟಿಸದೆ ನಾಲ್ಕು ಜನರ ಮುಂದೆ ತರುವುದಿಲ್ಲ. ಎಣ್ಣೆಯ ಮೇಲೆ ರಿಂಗ್ ಅಂಟುವುದಿಲ್ಲ, ಗಾಳಿ ನುಗ್ಗುತ್ತದೆ, ಸತ್ತ ಪಾದವೂ ಬದುಕಿದಂತೆ ಕಾಣುತ್ತದೆ. ಅಮುದಾ ಲೈನ್ ಮನೆಯವಳು, ಇಂಗ್ಲಿಷ್ ಪುಸ್ತಕ ಓದಿದವಳು. ಆ ಪುಸ್ತಕದಲ್ಲಿ ಹರಳೆಣ್ಣೆ ಇರಲಿಲ್ಲ. ಅದು ಗೊತ್ತಿದ್ದವನು ನಾನೊಬ್ಬನೇ. ಸ್ಪಿರಿಟ್ಟಿನಲ್ಲಿ ಮೂರು ಸಲ ಒರೆಸಬೇಕಾದದ್ದು ನನ್ನ ಕೆಲಸ.

ಒಣ ಬಟ್ಟೆಯಲ್ಲಿ ಒಂದು ಸಲ ಒರೆಸಿದೆ. ಮಿಂಚು ಹೋಯಿತು, ಎಣ್ಣೆ ಹೋಗಲಿಲ್ಲ. ಒಪ್ಪಿಸಿದೆ.

ಬಾಗಿಲ ಬಳಿ ನಿಂತು ನೋಡುತ್ತಿದ್ದೆ. ಎದೆಯಲ್ಲಿ ಅರವತ್ತೆರಡು. ಪಾದದಲ್ಲಿ ಐವತ್ತೆಂಟು. ಫ್ಯಾನ್ ಬೇಡದ ಚಳಿ, ಹಾಗಾಗಿ ಅಂಕಿ ಕುಣಿಯಲೂ ಇಲ್ಲ. ಪಾದದಲ್ಲೇ ಇಷ್ಟಿದ್ದ ಮೇಲೆ ಮೇಲಕ್ಕೆ ಅಳೆಯುವುದೇನು ಎಂದು ಅಲ್ಲಿಗೇ ಬಿಟ್ಟಳು. ಅವಳ ಮುಖ ಅರಳಿತು. "ಅಣ್ಣಾ, ಈ ಸಲ ನಿಮ್ಮ ಗೆರೆ ತಪ್ಪಾಗಿದೆ. ಬೇಜಾರು ಮಾಡ್ಕೋಬೇಡಿ. ಪಾದ ಉಳೀತದೆ!" ಎಂದಳು. ಡಾಕ್ಟರು ಬಂದು ನೋಡಿ, ಬರೀ ಬೆರಳುಗಳನ್ನು ತೆಗೆದರೆ ಸಾಕು, ನಾಳೆ ಬೆಳಿಗ್ಗೆ ಆಪರೇಷನ್ ಎಂದು ಬರೆದರು.

ನನಗೆ ಏನನ್ನಿಸಿತು ಎಂದು ನಿಜ ಹೇಳುತ್ತೇನೆ. ಖುಷಿಯಾಯಿತು. ಬೆರಳು ತೆಗೆಯಲಿ, ಹತ್ತು ದಿನಕ್ಕೆ ಹೊಲಿಗೆ ಬಿಚ್ಚಿಕೊಂಡು ಪಾದವೆಲ್ಲ ಕಪ್ಪಾಗಲಿ. ಆಗ ಈ ಡಾಕ್ಟರು ಹಸಿರು ಬಟ್ಟೆ ಸರಿಸಿ, ಎಲ್ಲಿ ಪಿಳ್ಳಪ್ಪನ ಗೆರೆ ಎಂದು ಕೇಳಲಿ. ಯಂತ್ರ ಕಪಾಟಿಗೆ ಹೋಗಲಿ, ಅವಳು ಲ್ಯಾಬಿಗೆ ಹೋಗಲಿ. ಗಂಡ ಸತ್ತರೂ ಚಿಂತೆಯಿಲ್ಲ, ಸವತಿ ಮುಂಡೆಯಾಗಬೇಕು ಎನ್ನುವ ಗಾದೆಯನ್ನು ಹೆಂಗಸರ ಮೇಲೆ ಮಾಡಿದ್ದಾರೆ. ಗಂಡಸರಿಗೇ ಅದು ಹೆಚ್ಚು ಒಪ್ಪುತ್ತದೆ.

ಮರುದಿನ ಬೆಳಿಗ್ಗೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಮುನಿಯಮ್ಮ ಕಾದಿದ್ದಳು. ಕೈಯಲ್ಲಿ ಎಲೆ ಮುಚ್ಚಿದ ತಂಬಿಗೆ. ಅವಳ ಮೈದುನ ಮೊದಲ ರೈಲಿಗೆ ತಂದ ಗಿಣ್ಣದ ಹಾಲಂತೆ.

"ತಗಳ್ಳಣ್ಣ. ಮೊನ್ನೆ ಅಸಾ ಕರು ಆಕ್ತು. ಮಂಡಿ ಓಗಲ್ವಂತೆ, ಪಾದಾನೂ ಓಗಲ್ವಂತೆ, ಬೆಳ್ಳು ಮೂರು ಓದ್ರೆ ಸಾಕಂತೆ. ನಮ್ಮೋರು ನೀನಿದ್ದಿದ್ದಕ್ಕೆ ಕಣಣ್ಣ ಇದೆಲ್ಲಾ ಆಗಿದ್ದು."

"ನಾನೇನೂ ಮಾಡಿಲ್ಲಮ್ಮ."

"ಮಾಡ್ದೆ ಏನು? ಎಣ್ಣೆ ಅಚ್ಚಿದೀನಿ ಅಂದ್ರೆ ಬೇರೆಯೋರಾಗಿದ್ರೆ ಬೈಯೋರು. ನೀನು ಬೈಲಿಲ್ಲ. ಎಣ್ಣೆಯಿಂದ್ಲೇ ಕಾಲಿಗೆ ಜೀವ ಬಂದಿರೋದು, ನಂಗೊತ್ತು. ಇವತ್ತೂ ಅಚ್ಚಿದೀನಿ."

ತಂಬಿಗೆ ಇನ್ನೂ ಬೆಚ್ಚಗಿತ್ತು. ಅದನ್ನು ಹಿಡಿದುಕೊಂಡೇ ಆಪರೇಷನ್ ಕೋಣೆಯ ಕಡೆ ನಡೆದೆ. ಡಾಕ್ಟರು ಕೈ ತೊಳೆಯುತ್ತಿದ್ದರು. ಅಮುದಾ ಯಾವುದೋ ಕಾಗದ ಹಿಡಿದು ಪಕ್ಕದಲ್ಲಿ ನಿಂತಿದ್ದಳು.

"ಸಾರ್, ಆ ಐವತ್ತೆಂಟು ಸುಳ್ಳು" ಎಂದೆ. "ಕಾಲಲ್ಲಿ ಎಣ್ಣೆ ಇತ್ತು. ನಾನು ಸರಿಯಾಗಿ ಒರೆಸಲಿಲ್ಲ."

ಡಾಕ್ಟರು ನಲ್ಲಿ ನಿಲ್ಲಿಸಿದರು. ಅಮುದಾ ನನ್ನನ್ನೇ ನೋಡಿದಳು.

"ಮರೆತುಬಿಟ್ರಾ ಅಣ್ಣಾ?" ಎಂದಳು. ನನಗೊಂದು ದಾರಿ ಬಿಟ್ಟುಕೊಡುತ್ತಿದ್ದಳು.

"ಇಲ್ಲ. ಗೊತ್ತಿದ್ದೇ ಬಿಟ್ಟೆ."

ಅವಳ ಕಣ್ಣು ತುಂಬಿತು. ಡಾಕ್ಟರು ಬಹುವಚನ ಬಿಟ್ಟರು. "ಹೊರಗೆ ಹೋಗಿ ಆ ಕಾಲು ಒರೆಸು" ಎಂದರು, ಅಷ್ಟೇ.

ಒರೆಸಿದೆ. ಸ್ಪಿರಿಟ್ಟಿನಲ್ಲಿ ಮೂರು ಸಲವಲ್ಲ, ಆರು ಸಲ. ಒರೆಸುವಾಗಲೂ ನನ್ನೊಳಗೆ ಒಂದು ಆಸೆ ಇತ್ತು, ಅದನ್ನೂ ಬಚ್ಚಿಡುವುದಿಲ್ಲ. ನನ್ನ ಮಾನ ಹೋಯಿತು ಸರಿ, ನನ್ನ ಗೆರೆಯಾದರೂ ಗೆಲ್ಲುತ್ತದಲ್ಲ. ಪಾದ ಸತ್ತಿದೆ, ಮೊಣಕಾಲೂ ಸತ್ತಿದೆ ಎಂದು ಯಂತ್ರವೇ ಹೇಳಬೇಕಾಗುತ್ತದಲ್ಲ.

ಪಾದದಲ್ಲಿ ಒಂಬತ್ತು ಬಂತು. ನಾನು ಅಂದುಕೊಂಡಂತೆಯೇ. ಆಮೇಲೆ ಅಮುದಾ ಮೊಣಕಾಲಿನ ಕೆಳಗೆ ಒಂದು ಗೇಣು ಬಿಟ್ಟು ಬಿಲ್ಲೆ ಕೂರಿಸಿದಳು. ಕಾದೆವು. ಅಂಕಿ ಹತ್ತಕ್ಕೆ ಇಳಿಯಿತು. ಹದಿನೈದಾಯಿತು. ನಿಧಾನವಾಗಿ ಏರುತ್ತ ಇಪ್ಪತ್ತೆಂಟು, ಮೂವತ್ತಾರು. ನಲವತ್ತೊಂದಕ್ಕೆ ಬಂದು ನಿಂತಿತು.

"ರಿಂಗ್ ಅಂಟಿರಲಿಕ್ಕಿಲ್ಲ, ಇನ್ನೊಂದು ಸಲ ನೋಡು" ಎಂದೆ. ಹೊಸ ರಿಂಗ್ ಹಾಕಿ ನೋಡಿದಳು. ನಲವತ್ತು. "ಪಕ್ಕದಲ್ಲಿ ನೋಡು." ನಲವತ್ತೆರಡು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅಮುದಾ ನನ್ನ ಮೇಲೆ ಅಷ್ಟು ಕೋಪವಿಟ್ಟುಕೊಂಡೂ, ನಾನು ಹೇಳಿದಷ್ಟು ಸಲ, ಹೇಳಿದಷ್ಟು ಕಡೆ, ಪ್ರತಿ ಸಲ ಇಪ್ಪತ್ತು ನಿಮಿಷ ಕಾದು ಅಳೆದಳು. ಕೊನೆಗೆ ಬಿಲ್ಲೆ ತೆಗೆದಳು. ಅದಿದ್ದ ಜಾಗದಲ್ಲಿ ಕಾಸಿನಗಲ ಚರ್ಮ ಕೆಂಪಗಾಗಿತ್ತು. ನಾನು ಬೆರಳಿನ ಹಿಂಬದಿಯನ್ನು ಅದರ ಮೇಲಿಟ್ಟೆ. ಬೆಚ್ಚಗಿತ್ತು. ಸುತ್ತಲಿನ ಚರ್ಮವೆಲ್ಲ ತಣ್ಣಗಿತ್ತು, ಆದರೆ ಸತ್ತಿರಲಿಲ್ಲ.

ನಾನು ಇಷ್ಟು ವರ್ಷ ಏನು ಮಾಡುತ್ತಿದ್ದೆ ಎನ್ನುವುದು ಆಗ ತಿಳಿಯಿತು. ತಣ್ಣಗಿದ್ದ ಚರ್ಮವನ್ನು ತಣ್ಣಗಿದ್ದಂತೆಯೇ ಮುಟ್ಟಿ ತೀರ್ಪು ಕೊಡುತ್ತಿದ್ದೆ. ಆ ಯಂತ್ರ ಮೊದಲು ಬಿಸಿ ಮಾಡಿ, ಕಾದು, ಆಮೇಲೆ ಕೇಳುತ್ತಿತ್ತು. ಕೇಳಿದರೆ ಬದುಕಿದ್ದ ಚರ್ಮ ಉತ್ತರ ಕೊಡುತ್ತಿತ್ತು.

ವೆಂಕಟೇಶಪ್ಪನಿಗೆ ಮೊಣಕಾಲಿನ ಕೆಳಗೆ ಕತ್ತರಿಸಿದರು. ಹೊಲಿಗೆ ಕೂಡಿತು. ನಾನು ಎಳೆದಿದ್ದ ನೇರಳೆ ಗೆರೆ ಅವನ ತೊಡೆಯ ಮೇಲೆ ಹಾಗೇ ಇತ್ತು. ದಿನಾ ಕಟ್ಟು ಬದಲಿಸುವಾಗ ಕಾಣುತ್ತಿತ್ತು, ಅಳಿಸಲು ಎರಡು ವಾರ ಹಿಡಿಯಿತು. ಯುಗಾದಿ ಹೊತ್ತಿಗೆ ಅವನು ಕೃತಕ ಕಾಲು ಕಟ್ಟಿಕೊಂಡು ಹಸುವಿನ ಪಕ್ಕ ಗಿಡ್ಡ ಮಣೆ ಹಾಕಿಕೊಂಡು ಕೂತಿದ್ದನ್ನು ಕಣ್ಣಾರೆ ನೋಡಿದೆ. ಮುನಿಯಮ್ಮ ಊರಲ್ಲೆಲ್ಲ ನನ್ನ ಹೆಸರನ್ನೇ ಹೇಳುತ್ತಿದ್ದಳು. ಅಮುದಾಳ ಹೆಸರು ಅವಳಿಗೆ ನೆನಪೇ ಇರಲಿಲ್ಲ.

ಅಮುದಾ ಒಂದು ತಿಂಗಳು ನನ್ನ ಹತ್ತಿರ ಮಾತಾಡಲಿಲ್ಲ. ಆಮೇಲೆ ಒಂದು ದಿನ ನೇರವಾಗಿ ಬಂದು ಕೈ ಚಾಚಿದಳು.

"ಆ ನೋಟ್‌ಬುಕ್ ಕೊಡಿ. ನನ್ನ ತಪ್ಪೆಲ್ಲ ಬರೀತಿದ್ರಲ್ಲ, ಅದು."

"ನಿನಗೆ ಗೊತ್ತಿತ್ತಾ?"

"ವಾರ್ಡಿಗೇ ಗೊತ್ತು ಅಣ್ಣಾ."

ಕೊಟ್ಟೆ. ಒಂದು ವಾರ ಇಟ್ಟುಕೊಂಡು ಅದರಲ್ಲಿದ್ದದ್ದನ್ನೆಲ್ಲ ಒಂದು ರಟ್ಟಿನ ಮೇಲೆ ಕನ್ನಡದಲ್ಲಿ, ತಮಿಳಿನಲ್ಲಿ ದೊಡ್ಡಕ್ಷರದಲ್ಲಿ ಬರೆದು ಯಂತ್ರದ ಮೇಲಿನ ಗೋಡೆಗೆ ತೂಗುಹಾಕಿದಳು. ಮೂಳೆಯ ಮೇಲೆ ಇಡಬಾರದು. ನಡೆದು ಬಂದವರನ್ನು ಸುಧಾರಿಸಿಕೊಳ್ಳಲು ಬಿಡಬೇಕು. ಪಾದದಲ್ಲಿ ಎಷ್ಟೇ ಬರಲಿ, ಮೊಣಕಾಲಿನ ಕೆಳಗೂ ಅಳೆಯಬೇಕು. ಎಲ್ಲಕ್ಕಿಂತ ಮೇಲೆ, ಕೆಂಪು ಮಸಿಯಲ್ಲಿ: ಎಣ್ಣೆ ಹಚ್ಚಿದ್ದಾರಾ ಎಂದು ಮನೆಯವರನ್ನು ಕೇಳಬೇಕು. ಆಮೇಲೆ ಕಲಿಯಲು ಬಂದವರೆಲ್ಲ ಆ ರಟ್ಟು ಓದಿಯೇ ಕಲಿತರು. ಅದನ್ನು ಬರೆಯಿಸಿದ್ದು ನನ್ನ ಹೊಟ್ಟೆಕಿಚ್ಚು ಎಂದು ಅವಳು ಯಾರಿಗೂ ಹೇಳಲಿಲ್ಲ.

ನಾನು ಸುಮ್ಮನಿರಬಹುದಿತ್ತು. ಆದರೆ ತಲೆಯಲ್ಲಿ ಒಂದು ಹುಳ ಹೊಕ್ಕಿತ್ತು. ರೆಕಾರ್ಡ್ ಕೋಣೆಯ ಗುಮಾಸ್ತರನ್ನು ಕೇಳಿ ಹಳೆಯ ಆಪರೇಷನ್ ರಿಜಿಸ್ಟರುಗಳನ್ನು ತೆಗೆಸಿದೆ. ಕೋಪಿಷ್ಠ ಸರ್ಜನ್ನರು 'ಪಿಳ್ಳಪ್ಪನ ಗೆರೆಯಂತೆ' ಎಂದು ಅವರ ಅಕ್ಷರದಲ್ಲೇ ಬರೆದಿಟ್ಟಿದ್ದರು. ಬೇಸಿಗೆಯಲ್ಲಿ ಬಂದವರ ಗೆರೆಗಳು ಹೆಚ್ಚಾಗಿ ಮೊಣಕಾಲಿನ ಕೆಳಗಿದ್ದವು. ಕಾರ್ತಿಕದಿಂದ ಸಂಕ್ರಾಂತಿಯವರೆಗೆ ಬಂದವರ ಗೆರೆಗಳು ಹೆಚ್ಚಾಗಿ ಮೊಣಕಾಲಿನ ಮೇಲಿದ್ದವು. ಕಾಯಿಲೆಗೆ ಋತು ಎಲ್ಲಿಂದ ಬರಬೇಕು? ಕಾಲು ಸತ್ತಿತ್ತೋ, ಕೋಲಾರದ ಚಳಿ ಹಿಡಿದಿತ್ತೋ ನನ್ನ ಕೈಗೆ ಗೊತ್ತಾಗಿರಲಿಲ್ಲ. ನಾಲ್ಕನೆಯ ಪುಸ್ತಕದಲ್ಲಿ ಗೋವಿಂದಪ್ಪನ ಹೆಸರು ಸಿಕ್ಕಿತು, ತಾರೀಖು ಸಂಕ್ರಾಂತಿಗೆ ಮುಂಚಿನದು. ಮುಚ್ಚಿಟ್ಟು ಬಂದೆ. ಮತ್ತೆ ಆ ಕೋಣೆಗೆ ಹೋಗಲಿಲ್ಲ.

ಅವರಲ್ಲಿ ಯಾರ ಮೊಣಕಾಲು ಉಳಿಯುತ್ತಿತ್ತು, ಯಾರದು ಉಳಿಯುತ್ತಿರಲಿಲ್ಲ ಎಂದು ಈಗ ಯಾರೂ ಹೇಳಲಾರರು. ಆಗ ಬೇರೆ ದಾರಿಯಿರಲಿಲ್ಲ ಎಂದು ಡಾಕ್ಟರು ಸಮಾಧಾನ ಹೇಳಿದರು. ಇರಬಹುದು. ಅಮುದಾಳ ಮೇಲಿನ ಹೊಟ್ಟೆಕಿಚ್ಚು ಅಲ್ಲಿಗೆ ಹೋಯಿತು ಎಂದು ಬರೆದರೆ ನಿಮಗೆ ಓದಲು ಚೆನ್ನಾಗಿರುತ್ತದೆ. ಹೋಗಲಿಲ್ಲ. ಬೇರೆ ರೂಪ ತಾಳಿತು. ಮೊದಲು ಅವಳ ಕೋಣೆಯ ಮೇಲೆ, ಬಾಗಿಲಿನ ಮೇಲೆ ಹೊಟ್ಟೆಕಿಚ್ಚಿತ್ತು. ಆಮೇಲೆ ಅವಳ ನೆಮ್ಮದಿಯ ಮೇಲೆ ಬಂತು. ರೈಲಿನಲ್ಲಿ ಕುಂಟುತ್ತ ಹತ್ತಿದವನನ್ನು ನೋಡಿ ಅವಳು ಮುಖ ಆಚೆ ತಿರುಗಿಸಬೇಕಾಗಿಲ್ಲ. ನಾನು ತಿರುಗಿಸುತ್ತೇನೆ. ನಿವೃತ್ತನಾದ ಮೇಲೂ ತಿರುಗಿಸುತ್ತೇನೆ.

ಒಬ್ಬನಿಂದ ಮಾತ್ರ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಗೋವಿಂದಪ್ಪ ಬಂಗಾರಪೇಟೆ ಸ್ಟೇಷನ್ ಹೊರಗೆ ಕಡಲೆಕಾಯಿ ಹುರಿದು ಮಾರುತ್ತಾನೆ. ಮುಂದೆ ಬಾಣಲಿ, ಬಾಣಲಿಯಲ್ಲಿ ಬಿಸಿ ಮರಳು, ಪಕ್ಕದಲ್ಲಿ ಊರುಗೋಲು. ನಾನು ಯಾವ ಕಡೆಯಿಂದ ಬಂದರೂ ಅವನಿಗೆ ಕಾಣುತ್ತದೆ. ಹೋದ ಚಳಿಗಾಲದಲ್ಲೂ ಕೂಗಿ ಕರೆದ. ಕೊಳ್ಳಲು ನಿಂತವರಿಗೆ, "ನೋಡ್ರಲಾ, ಈ ಅಣ್ಣ ಗೆರೆ ಎಳೆದಿದ್ದಕ್ಕೇ ನಾನಿವತ್ತು ಬದುಕಿರೋದು" ಎಂದ. ಎಂದಿನಂತೆ ನನ್ನ ಬಲಗೈ ಎಳೆದು ಕಣ್ಣಿಗೊತ್ತಿಕೊಂಡ.

"ಗೋವಿಂದಪ್ಪ, ನಿನ್ನ ಹತ್ರ ಒಂದು ಮಾತು ಹೇಳ್ಬೇಕು" ಎಂದೆ. ಹೇಳಬೇಕೆಂದು ವರ್ಷಗಳಿಂದ ಅಂದುಕೊಂಡಿದ್ದೆ.

ಅವನಿಗೆ ಕೇಳಿಸಲಿಲ್ಲವೋ ಏನೋ, ಕೈ ಬಿಡದೆ ಹುಬ್ಬು ಗಂಟಿಕ್ಕಿದ.

"ಅಯ್ಯೋ, ಇದೇನಣ್ಣ ನಿನ್ ಕೈ ಇಷ್ಟು ತಣ್ಣಗೈತೆ, ಸತ್ತೋರ ಕೈಯಿದ್ದಂಗೆ!"

ಕಡಲೆಕಾಯಿ ಹುರಿದು ಹುರಿದು ಬಿಸಿಯಾಗಿದ್ದ ಅವನ ಎರಡು ಅಂಗೈಗಳ ನಡುವೆ ನನ್ನ ಕೈಯನ್ನು ಇಟ್ಟುಕೊಂಡು ಉಜ್ಜತೊಡಗಿದ. ನಾನು ಬಿಡಿಸಿಕೊಳ್ಳಲು ನೋಡಿದೆ. ಅವನು ಬಿಡಲಿಲ್ಲ.

"ವಸಿ ತಾಳಣ್ಣ. ಆತುರ ಮಾಡಬ್ಯಾಡ. ಬಿಸಿ ಬತ್ತದೆ."

ಕೊಳ್ಳುವವರು ಕಾಯುತ್ತಿದ್ದರು. ಅವನು ನನ್ನ ಕೈಗೆ ಬಿಸಿ ಬರುವವರೆಗೂ ಕಾದ.